ಬಟ್ಟೆ ಸುತ್ತಿದ ಮೊಳೆ

ಫೆಬ್ರವರಿ 3

ಗುಬ್ಬಿಗೆ ಅಕ್ಕನ ಆಶೀರ್ವಾದ.

ನಿನಗೆ ಇನ್‌ಚಾರ್ಜ್ ಕುರ್ಚಿ ಸಿಕ್ಕಿದ ಸುದ್ದಿ ಓದಿ, ಕಾಗದವನ್ನು ಹಾಗೇ ದೇವರ ಪಟದ ಮುಂದೆ ಇಟ್ಟು ಕೈಮುಗಿದೆ. ನಮ್ಮ ಮನೆಯಲ್ಲಿ ಕೂತು ಕೆಲಸ ಮಾಡಿದವರು ಇದುವರೆಗೆ ಯಾರೂ ಇರಲಿಲ್ಲ. ಅಪ್ಪ ನಿಂತು ಸವೆದರು, ಅಮ್ಮ ಬಗ್ಗಿ ಸವೆದಳು. ನೀನಾದರೂ ಕೂತೆ. ನಿಮ್ಮ ಭಾವ ಬೆನ್ನು ನೋವಿನಲ್ಲಿ ಮಲಗಿದ್ದಲ್ಲಿಂದಲೇ, "ಗುಬ್ಬಿ ಗರುಡ ಆಯ್ತಲ್ಲೇ!" ಎಂದು ನಕ್ಕರು. ಹದಿನೆಂಟು ವರ್ಷದ ಹಿಂದೆ ನಮ್ಮ ಹಳೇ ಸಾಹೇಬರ ಕೈಕಾಲು ಹಿಡಿದು, ಇದೇ ಕಂಪನಿಯ ನಿಮ್ಮೂರಿನ ಲಾಂಡ್ರಿಗೆ ನಿನ್ನನ್ನು ಸೇರಿಸಿದ್ದು ಸಾರ್ಥಕವಾಯಿತು. ಆದರೆ ಕುರ್ಚಿ ಯಾಕೆ ಕೊಟ್ಟರು ಎಂದು ನೀನು ಬರೆದೇ ಇಲ್ಲ. ಅಷ್ಟು ಜನರಲ್ಲಿ ನಿನ್ನನ್ನೇ ಆರಿಸಿದರು ಎಂದರೆ ಏನೋ ಮಾಡಿರಬೇಕು. ಬರೆ. ಉದ್ದಕ್ಕನಿಗೆ ಓದಿ ಹೇಳಿ ಸ್ವಲ್ಪ ಜಂಬ ಕೊಚ್ಚಿಕೊಳ್ಳಬೇಕು.

ಉದ್ದಕ್ಕ ಹಾಗೇ ಇದ್ದಾಳೆ, ಬಾಗಿಲಿಗೆ ತಲೆ ಬಡಿಸಿಕೊಂಡು. ಹತ್ತೊಂಬತ್ತು ವರ್ಷದಿಂದ ನಾವಿಬ್ಬರೂ ಎದುರುಬದುರು ನಿಂತು ಆಸ್ಪತ್ರೆಯ ಬೆಡ್‌ಶೀಟ್ ಮಡಚುತ್ತಿದ್ದೇವೆ. ಎರಡು ಮೂಲೆ ಅವಳು, ಎರಡು ಮೂಲೆ ನಾನು. ಜಾಡಿಸು, ಹತ್ತಿರ ಬಾ, ಕೊಡು, ಹಿಂದೆ ಹೋಗು. ದಿನಕ್ಕೆ ನಾನೂರು ಸಲ ಅವಳ ಕೈ ನನ್ನ ಕೈಗೆ ತಾಕುತ್ತದೆ. "ಓಡಿಹೋದ ನನ್ನ ಗಂಡನ ಕೈಯೂ ಇಷ್ಟು ಸಲ ತಾಕಿರ್ಲಿಲ್ಲ ಕಣೇ" ಅನ್ನುತ್ತಾಳೆ.

ಹೊಸ ಮ್ಯಾನೇಜರ್ ಬಂದಿದ್ದಾನೆ. ಮೂವತ್ತು ದಾಟಿದ್ದರೆ ಹೆಚ್ಚು. ಕೊರಳಲ್ಲಿ ಗಡಿಯಾರ ನೇತುಹಾಕಿಕೊಂಡು ಓಡಾಡುತ್ತಾನೆ. ಗುಂಡಿ ಒತ್ತಿ, ಒಂದು ಬೆಡ್‌ಶೀಟ್ ಮಡಚುವುದಕ್ಕೆ ಎಷ್ಟು ಹೊತ್ತಾಯಿತು ಎಂದು ನೋಡುತ್ತಾನೆ. ಉದ್ದಕ್ಕ ಗಡಿಯಾರಪ್ಪ ಎಂದು ಹೆಸರಿಟ್ಟಿದ್ದಾಳೆ. ಮೊನ್ನೆ ಅವಳು ಪಾಯಖಾನೆಗೆ ಹೋಗಿ ಬಂದದ್ದಕ್ಕೂ ಗುಂಡಿ ಒತ್ತಿದ. "ನಾಲ್ಕು ನಿಮಿಷ ಆಯ್ತು" ಅಂದ. ಇವಳು ಬಿಡುತ್ತಾಳೆಯೇ? "ನಿಮ್ಮಮ್ಮನಿಗೆ ಎಷ್ಟಾಗತ್ತೆ ಅಂತ ಕೇಳ್ಕೊಂಡು ಬನ್ನಿ ಸಾರ್, ಅಷ್ಟರಲ್ಲೇ ಮುಗಿಸ್ತೀನಿ" ಅಂದಳು. ಇಡೀ ಹಾಲ್ ನಕ್ಕಿತು. ಆ ನಗುವಿಗೆ ಶಿಕ್ಷೆ ಎಂದು ಅವತ್ತು ಎಲ್ಲರನ್ನೂ ಒಂದು ಗಂಟೆ ಹೆಚ್ಚಿಗೆ ನಿಲ್ಲಿಸಿಕೊಂಡ.

ನೀನು ಫೋನ್ ಮಾಡಬೇಡ. ಫೋನಿನಲ್ಲಿ ಆಡಿದ್ದು ಗಾಳಿಗೆ ಹೋಗುತ್ತದೆ. ಕಾಗದವಾದರೆ ದಿಂಬಿನ ಕೆಳಗಿಟ್ಟುಕೊಂಡು ಮತ್ತೆ ಓದಬಹುದು.

ನಿನ್ನ ಅಕ್ಕ

ಫೆಬ್ರವರಿ 14

ಅಕ್ಕನಿಗೆ ನಮಸ್ಕಾರ.

ನಿನ್ನ ಫೋನಿನ ಕಥೆ ನನಗೆ ಗೊತ್ತಿಲ್ಲವೇ? ಹೋದ ಸಲ ನಾನು "ಜ್ವರ ಬಂದಿದೆ" ಅಂದರೆ ನೀನು "ಒಳ್ಳೇದಾಯ್ತು ಬಿಡು" ಅಂದು ಇಟ್ಟುಬಿಟ್ಟೆ. ಮನಸ್ಸೆಲ್ಲೋ ಇಟ್ಟುಕೊಂಡು ಹ್ಞೂಂ ಹ್ಞೂಂ ಅನ್ನುವುದಕ್ಕಿಂತ ಕಾಗದವೇ ವಾಸಿ. ಬರೆಯುತ್ತೇನೆ, ಕೋಪಿಸಿಕೊಳ್ಳಬೇಡ.

ಕುರ್ಚಿ ಗಾಲಿಯದು. ಮೊದಲ ದಿನ ಕೂತ ತಕ್ಷಣ ಹಿಂದಕ್ಕೆ ಓಡಿ ಗೋಡೆಗೆ ಬಡಿಯಿತು. ನಗು ತಡೆದುಕೊಂಡು ಗಂಭೀರವಾಗಿ ಎದ್ದೆ. ಗಾಜಿನ ಕೋಣೆ. ಅಲ್ಲಿಂದ ಹಾಲ್ ಪೂರ್ತಿ ಕಾಣಿಸುತ್ತದೆ, ಸದ್ದು ಮಾತ್ರ ಕೇಳಿಸುವುದಿಲ್ಲ. ನಿನ್ನೆಯವರೆಗೆ ನನ್ನ ಜೊತೆ ಬೆಲ್ಲದ ಚೂರು ಹಂಚಿಕೊಂಡು ತಿಂದವರು, ನಾನು ಬಾಗಿಲು ತೆಗೆದರೆ ಮಾತು ನಿಲ್ಲಿಸುತ್ತಾರೆ. ಅಭ್ಯಾಸವಾಗುತ್ತದೆ ಅನ್ನುತ್ತಾರೆ. ಅವರಿಗೋ ನನಗೋ ತಿಳಿಯದು.

ಕುರ್ಚಿ ಯಾಕೆ ಕೊಟ್ಟರು ಎಂದು ಕೇಳಿದ್ದೀಯ. ಇಷ್ಟು ವರ್ಷ ದುಡಿದದ್ದಕ್ಕೆ ಅಂದುಕೋ. ಏನೋ ಒಂದು ಸಣ್ಣ ಉಪಾಯ ಹೇಳಿದ್ದೆ, ಅದು ಮೇಲಿನವರಿಗೆ ಹಿಡಿಸಿತು. ದೊಡ್ಡ ವಿಷಯವಲ್ಲ.

ಗಡಿಯಾರಪ್ಪನ ಹತ್ತಿರ ಉದ್ದಕ್ಕನಿಗೆ ಬಾಯಿ ಬಿಗಿಹಿಡಿಯಲು ಹೇಳು. ಕಾಲ ಬದಲಾಗುತ್ತಿದೆ ಅಕ್ಕ. ಈಗ ಮಾತಾಡುವವರ ಹೆಸರನ್ನು ಮೊದಲು ಬರೆದುಕೊಳ್ಳುತ್ತಾರೆ.

ನಿನ್ನ ಗುಬ್ಬಿ

ಮಾರ್ಚ್ 1

ಗುಬ್ಬಿಗೆ ಆಶೀರ್ವಾದ.

ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಬರೆದಿದ್ದೀಯ. ಏನು ಉಪಾಯ ಎಂದು ಬರೆದರೆ ಗಂಟು ಹೋಗುತ್ತದೆಯೇ? ಇರಲಿ. ನನ್ನ ತಲೆ ಈಗ ಬೇರೆ ಕಡೆ ಇದೆ.

ಹೋದ ಸೋಮವಾರ ನಮ್ಮ ಹಾಲ್‌ನ ಗೋಡೆಗೆ ಉದ್ದಕ್ಕೂ ಹಲಗೆ ಬಡಿದು, ಅದಕ್ಕೆ ಮೊಳೆ ಹಾಕಿ ಹೋದರು. ಹೆಬ್ಬೆರಳ ಗಾತ್ರದ ಬಾಗಿದ ಮೊಳೆಗಳು, ಎರಡೆರಡು, ಹೆಂಗಸಿಗೆ ಒಂದು ಜೊತೆ. ಬೆಡ್‌ಶೀಟಿನ ಎರಡು ಮೂಲೆ ಅದಕ್ಕೆ ಸಿಕ್ಕಿಸಿ, ಇನ್ನೆರಡು ಮೂಲೆ ಹಿಡಿದು ಒಬ್ಬಳೇ ಮಡಚಬೇಕಂತೆ. ಅದಕ್ಕೆ ದೊಡ್ಡ ಹೆಸರಿದೆ, ಏಕವ್ಯಕ್ತಿ ಮಡಿಕೆ ಪದ್ಧತಿ. ಒಂಬತ್ತು ಊರಿನ ಲಾಂಡ್ರಿಗೂ ಬಂತಂತೆ, ನಿಮ್ಮಲ್ಲಿಗೂ ಬಂದಿರಬೇಕು. ಗಡಿಯಾರಪ್ಪ ಹೇಳಿದ: "ಇಬ್ಬರು ಎದುರುಬದುರು ನಿಂತರೆ ಮಾತು ಹುಟ್ಟತ್ತೆ. ಮೊಳೆ ಮಾತಾಡಲ್ಲ."

ನಿಜ, ಮೊಳೆ ಮಾತಾಡುವುದಿಲ್ಲ. ಅದು ಹತ್ತಿರವೂ ಬರುವುದಿಲ್ಲ. ಮುಂಚೆ ಇಬ್ಬರೂ ಎರಡೆರಡು ಹೆಜ್ಜೆ ಹಾಕುತ್ತಿದ್ದೆವು, ಈಗ ನಾಲ್ಕೂ ನಾನೇ ಹಾಕಬೇಕು. ಮಂಡಿ ಊದಿಕೊಂಡಿದೆ. ಉದ್ದಕ್ಕ ಈಗ ಹಾಲ್‌ನ ಆ ತುದಿಯಲ್ಲಿ ಗೋಡೆಗೆ ಮುಖ ಮಾಡಿ ನಿಂತಿರುತ್ತಾಳೆ. ಇಪ್ಪತ್ತೆರಡು ಜನ ಗೋಡೆ ನೋಡುತ್ತಾ ನಿಂತಿದ್ದೇವೆ, ತಪ್ಪು ಮಾಡಿದ ಇಸ್ಕೂಲು ಮಕ್ಕಳ ಹಾಗೆ.

ಒಂದು ತಮಾಷೆ ಹೇಳುತ್ತೇನೆ. ಮೊನ್ನೆ ಊಟದ ಬೆಲ್ ಆದದ್ದು ನನಗೆ ತಿಳಿಯಲೇ ಇಲ್ಲ. ಎಲ್ಲರೂ ಹೋಗಿದ್ದರು, ನಾನೊಬ್ಬಳೇ ಮಡಚುತ್ತಿದ್ದೆ. ಗಡಿಯಾರಪ್ಪ ಬಂದು ನೋಡಿ, ಮಾರನೆಯ ದಿನ ಎಲ್ಲರ ಎದುರು, "ನೋಡಿ, ಇದು ನಿಷ್ಠೆ ಅಂದ್ರೆ" ಎಂದು ನನ್ನನ್ನು ಹೊಗಳಿದ. ಉದ್ದಕ್ಕ ನನ್ನ ಕಡೆ ನೋಡಿದ ನೋಟ ಇನ್ನೂ ಕಣ್ಣಲ್ಲಿದೆ.

ಆ ಮೊಳೆ ಕಂಡಾಗ ನಮ್ಮ ಮನೆಯ ಬಾಗಿಲ ಮೊಳೆ ನೆನಪಾಯಿತು. ಅಮ್ಮನ ಭುಜ ಮುರಿದ ವರ್ಷ ನಾನು ಕೆಲಸಕ್ಕೆ ಸೇರಿದೆ, ನಿನಗೆ ಆರು ವರ್ಷ. ಅಮ್ಮನ ದೊಡ್ಡ ಹೊದಿಕೆ ಮಡಚುವುದಕ್ಕೆ ನಿನಗೆ ಜೊತೆ ಇಲ್ಲ ಎಂದು ಚೌಕಟ್ಟಿಗೆ ಎರಡು ಮೊಳೆ ಹೊಡೆದು ಕೊಟ್ಟಿದ್ದೆ. ಹೊದಿಕೆ ಹರಿಯದಿರಲಿ ಎಂದು ಹಳೇ ಲಂಗದ ಚೂರು ಅಡ್ಡಡ್ಡ ಸುತ್ತಿ, ಗಂಟು ಕೆಳಗೆ ಹಾಕಿದ್ದೆ. ಇಲ್ಲಿಯ ಮೊಳೆಗೂ ಹಾಗೇ ಬಟ್ಟೆ ಸುತ್ತಿದ್ದಾರೆ, ಗಂಟು ಕೆಳಗೇ ಇದೆ. ಕಂಡುಹಿಡಿದವರು ಯಾರೋ ಹೆಂಗಸೇ ಇರಬೇಕು. ಗಂಡಸರಿಗೆ ಬಟ್ಟೆ ಹರಿಯುವ ಚಿಂತೆ ಎಲ್ಲಿಯದು?

ಹೆಂಗಸಾಗಿ ಇಂಥದ್ದನ್ನು ಮಾಡಿದಳಲ್ಲ ಎಂದು ಹೊಟ್ಟೆ ಉರಿಯಿತು. "ಅವಳ ಕೈಗೆ ಇನ್ನು ಜೊತೆ ಸಿಗದೇ ಹೋಗಲಿ" ಎಂದು ಬಾಯಿಂದ ಬಂದುಬಿಟ್ಟಿತು. ಸಂಜೆ ದೇವರ ಮುಂದೆ ತಪ್ಪಾಯಿತು ಅಂದೆ. ಆದರೆ ಆಡಿದ್ದು ಆಡಿದ್ದೇ.

ನಿನ್ನ ಅಕ್ಕ

ಮಾರ್ಚ್ 20

ಅಕ್ಕನಿಗೆ ನಮಸ್ಕಾರ.

ತಡವಾಯಿತು. ಕೆಲಸ ಹೆಚ್ಚು. ಮಂಡಿಗೆ ಬಿಸಿನೀರಿನ ಶಾಖ ಕೊಡು. ಬೆಲ್ ಆದರೂ ಬಿಡದೆ ದುಡಿಯಬೇಡ, ಅಷ್ಟು ಜೀವ ತೇಯ್ದರೆ ಯಾರೂ ನೆನೆಸುವುದಿಲ್ಲ.

ಹೊಸದೆಲ್ಲ ಕೆಟ್ಟದ್ದು ಎಂದು ತಿಳಿಯಬೇಡ. ಯಾವುದೋ ಒಳ್ಳೆಯ ಉದ್ದೇಶಕ್ಕೆ ಮಾಡಿದ್ದನ್ನು ಬೇರೆಯವರು ಬೇರೆಯದಕ್ಕೆ ಬಳಸಿಕೊಂಡಿರಬಹುದು. ಗೊತ್ತಿಲ್ಲದವರಿಗೆ ಶಾಪ ಹಾಕುವುದು ನಿನ್ನಂಥವಳಿಗೆ ಒಪ್ಪುವ ಮಾತಲ್ಲ.

ಭಾವನ ಬೆನ್ನು ಹೇಗಿದೆ?

ಗುಬ್ಬಿ

ಮಾರ್ಚ್ 27

ಗುಬ್ಬಿಗೆ,

ಮೂರು ವಾರ ಕಾದು ಸಿಕ್ಕಿದ ಕಾಗದ ಅಂಗೈಯಗಲ. ನಮ್ಮ ಮನೆಯ ಮೊಳೆಯ ವಿಷಯ ಅಷ್ಟು ಬರೆದೆ, ಅದರ ಬಗ್ಗೆ ಒಂದು ಮಾತಿಲ್ಲ. ಕುರ್ಚಿ ಬಂದಮೇಲೆ ಹಳೇದು ಮರೆತುಹೋಯಿತೇನೋ ಅಂದುಕೊಂಡೆ. ಆಮೇಲೆ ಯೋಚಿಸಿದೆ, ಪಾಪ, ನಿನಗೂ ಮೇಲಿನವರು ಹಿಂಡುತ್ತಿರಬೇಕು.

ಈಗ ಕೇಳು, ನಿನ್ನ ಬುದ್ಧಿ ಬೇಕಾಗಿದೆ. ಗಡಿಯಾರಪ್ಪ ಪ್ರತಿ ಜೋಡಿಗೂ ಒಂದೊಂದು ಚೀಟಿ ಕೊಟ್ಟಿದ್ದಾನೆ. ಒಬ್ಬಳೇ ಮಡಚಬಹುದಾದ ಮೇಲೆ ಇಬ್ಬರು ಯಾಕೆ? ಹನ್ನೊಂದು ಜೋಡಿಯಿಂದ ಹನ್ನೊಂದು ಜನ ಸಾಕು. ಯಾರು ಹೋಗಬೇಕು ಎಂದು ಅವನು ಹೇಳುವುದಿಲ್ಲವಂತೆ. ನಾವೇ ಇಬ್ಬರೂ ಕೂತು ಮಾತಾಡಿ, ಹೋಗುವವಳ ಹೆಸರು ಬರೆದು, ಏಪ್ರಿಲ್ ಇಪ್ಪತ್ತಕ್ಕೆ ಕೊಡಬೇಕಂತೆ. "ನನಗೆ ಯಾರ ಮೇಲೂ ದ್ವೇಷ ಇಲ್ಲಮ್ಮ. ನಿಮ್ಮ ನಿಮ್ಮಲ್ಲೇ ತೀರ್ಮಾನ ಆಗ್ಲಿ" ಅಂದ. ಕೈಗೆ ರಕ್ತ ಅಂಟದ ಹಾಗೆ ಕೊಯ್ಯುವುದು ಎಂದರೆ ಇದೇ ಇರಬೇಕು.

ಮೊದಲ ದಿನ ಉದ್ದಕ್ಕ, "ನೀನಿರು, ಮನೇಲಿ ಯಜಮಾನ್ರು ಮಲಗಿದಾರೆ" ಅಂದಳು. ನಾನು, "ನೀನಿರು, ನಿನಗೆ ಹಿಂದೆ ಮುಂದೆ ಯಾರಿದಾರೆ?" ಅಂದೆ. ಇಬ್ಬರೂ ಅತ್ತೆವು, ಮೂಗು ಒರೆಸಿಕೊಂಡೆವು. ಅಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಮೂರನೆಯ ದಿನ ಅವಳು, "ನಾನು ಹೋದ್ರೆ ನೀನು ಒಬ್ಳೇ ಹೇಗೆ ನಿಭಾಯಿಸ್ತೀಯ? ನಿನ್ನ ವಿಷಯ ನನಗೆ ಗೊತ್ತಲ್ವಾ?" ಅಂದಳು. ಕರುಣೆಯಿಂದಲೇ ಅಂದಿರಬೇಕು. ನನಗೆ ಬೆದರಿಕೆಯ ಹಾಗೆ ಕಂಡಿತು. ನಾನೂ ಏನೋ ಅಂದೆ. ಈಗ ನಾಲ್ಕು ದಿನದಿಂದ ಮಾತಿಲ್ಲ. ಅವಳು ಎಷ್ಟು ಮಡಚಿದಳು ಎಂದು ನಾನು ಕದ್ದು ಎಣಿಸುತ್ತೇನೆ. ಅವಳೂ ನನ್ನದು ಎಣಿಸುತ್ತಾಳೆ. ಹತ್ತೊಂಬತ್ತು ವರ್ಷ ಒಂದೇ ಬಟ್ಟೆ ಹಿಡಿದವರು ಒಂದು ಚೀಟಿಗೆ ಹೀಗಾದೆವಲ್ಲ ಗುಬ್ಬಿ. ಪ್ರಾರ್ಥನೆಗೆ ಕಣ್ಣು ಮುಚ್ಚಿದರೆ ಆ ಚೀಟಿಯೇ ಬರುತ್ತದೆ.

ನೀನು ಕುರ್ಚಿಯಲ್ಲಿರುವವಳು. ಏನು ಮಾಡಲಿ, ಹೇಳು.

ನಿನ್ನ ಅಕ್ಕ

ಏಪ್ರಿಲ್ 2

ಅಕ್ಕ,

ಕೂಡಲೇ ಬರೆಯುತ್ತಿದ್ದೇನೆ. ಉದ್ದಕ್ಕನ ಹೆಸರು ಬರೆದುಕೊಡು. ಯೋಚನೆ ಮಾಡಬೇಡ.

ನಿನಗೆ ಐವತ್ತು. ಹೊರಗೆ ಹೋದರೆ ಯಾರು ಕರೆದು ಕೆಲಸ ಕೊಡುತ್ತಾರೆ? ಭಾವನನ್ನು ಯಾರು ನೋಡಿಕೊಳ್ಳುತ್ತಾರೆ? ಉದ್ದಕ್ಕ ಒಳ್ಳೆಯವಳೇ, ಆದರೆ ಒಡಹುಟ್ಟಿದವಳಲ್ಲ. ಇಂಥ ಹೊತ್ತಿನಲ್ಲಿ ಎಲ್ಲರೂ ತಮ್ಮ ತಮ್ಮ ತಲೆ ನೋಡಿಕೊಳ್ಳುತ್ತಾರೆ. ಮೊದಲು ಅತ್ತು ಕರೆದು ಮಾಡುತ್ತಾರೆ, ಆಮೇಲೆ ಬರೆಯುತ್ತಾರೆ. ಇಲ್ಲಿ ಎಂಟು ಜೋಡಿಯೂ ಒಂದೇ ವಾರದಲ್ಲಿ ಕೊಟ್ಟರು, ಆಕಾಶವೇನೂ ಕಳಚಿ ಬೀಳಲಿಲ್ಲ.

ನಿನ್ನ ಒಳ್ಳೆಯದಕ್ಕೇ ಹೇಳುತ್ತಿದ್ದೇನೆ. ಸಿಟ್ಟಾಗಬೇಡ.

ಗುಬ್ಬಿ

ಏಪ್ರಿಲ್ 8

ಗುಬ್ಬಿ,

ನಿಮ್ಮಲ್ಲೂ ಚೀಟಿ ಬರೆಸಿದರೇ? ನೀನು ಒಂದು ಮಾತೂ ಹೇಳಲಿಲ್ಲ. ಯಾರ ಕೈಗೆ ಕೊಟ್ಟರು ಆ ಎಂಟು ಚೀಟಿ? ಗಾಜಿನ ಕೋಣೆಯಲ್ಲಿ ಇರುವವಳು ನೀನೊಬ್ಬಳೇ ಅಲ್ಲವೇ?

ನಿನ್ನ ಮಾತಿನಲ್ಲಿ ತಪ್ಪಿಲ್ಲ, ಲೆಕ್ಕ ಸರಿಯಾಗಿಯೇ ಇದೆ. ಆದರೆ ಅದು ನನ್ನ ಗುಬ್ಬಿಯ ಮಾತಿನ ಹಾಗೆ ಕೇಳಿಸಲಿಲ್ಲ. ಗಡಿಯಾರಪ್ಪ ಕಾಗದ ಬರೆದಿದ್ದರೆ ಹೀಗೇ ಬರೆಯುತ್ತಿದ್ದ.

ಹದಿನಾರಕ್ಕೆ ದೊಡ್ಡ ಆಫೀಸಿನವರು ಒಬ್ಬ ಹೆಂಗಸನ್ನು ಕಳಿಸುತ್ತಾರಂತೆ. ಈ ಮೊಳೆ ಕಂಡುಹಿಡಿದವಳು ಅವಳೇ ಅಂತೆ. ನಾವು ನಿಧಾನ ಎಂದು ಬಂದು ಮಡಚಿ ತೋರಿಸುತ್ತಾಳಂತೆ. ಹೆಸರು ಹೇಳಿಲ್ಲ, "ನಿಮ್ಮ ಹಾಗೇ ಹಾಲ್‌ನಿಂದ ಮೇಲೆ ಬಂದವರು" ಎಂದಷ್ಟೇ ಹೇಳಿದ. ಬರಲಿ. ನಾನು ಜಗಳ ಆಡುವುದಿಲ್ಲ. ಒಂದೇ ಮಾತು ಕೇಳುತ್ತೇನೆ: ಅಮ್ಮಾ, ನಿನ್ನ ಇನ್ನೊಂದು ತುದಿಯನ್ನು ಯಾರೂ ಯಾವತ್ತೂ ಹಿಡಿದಿರಲಿಲ್ಲವೇ?

ಆ ಹೆಂಗಸು ನಿನಗೆ ಗೊತ್ತಿದ್ದರೆ ಹದಿನಾರರ ಒಳಗೆ ಬರೆ.

ಅಕ್ಕ

ಏಪ್ರಿಲ್ 17

ಅಕ್ಕ,

ಹದಿನಾರರ ಒಳಗೆ ಬರೆಯಲಿಲ್ಲ. ಮೂರು ಸಲ ಬರೆದು ಹರಿದೆ. ಈಗ ಬರೆಯುವುದಕ್ಕೆ ಏನೂ ಉಳಿದಿಲ್ಲ, ನೀನೇ ಕಣ್ಣಾರೆ ಕಂಡೆ.

ಹುಷಾರಿಲ್ಲ ಎಂದು ಹೇಳಿ ತಪ್ಪಿಸಿಕೊಳ್ಳೋಣ ಎಂದು ನೋಡಿದೆ. ಬರದಿದ್ದರೆ ಕುರ್ಚಿ ಬಿಡು ಅಂದರು. ಆದದ್ದನ್ನು ಆದ ಹಾಗೆ ಹೇಳುತ್ತೇನೆ, ಆಮೇಲೆ ನೀನು ಏನು ಬೇಕಾದರೂ ಅನ್ನು.

ಹೋದ ವರ್ಷ ನನ್ನ ಜೊತೆಯವಳು ಏಳು ತಿಂಗಳ ಬಸುರಿ. ಕಾಲು ಬಾತು ಚಪ್ಪಲಿ ಹಿಡಿಸುತ್ತಿರಲಿಲ್ಲ. ಕೂತರೆ ಹೆಸರು ಬರೆದುಕೊಳ್ಳುತ್ತಿದ್ದರು. ಆಗ ಡ್ರೈಯರ್ ಹಿಂದಿನ ಮೂಲೆಯಲ್ಲಿ ನಾನು ಎರಡು ಮೊಳೆ ಹೊಡೆದೆ, ನೀನು ಹೊಡೆದುಕೊಟ್ಟ ಹಾಗೆಯೇ, ಬಟ್ಟೆ ಸುತ್ತಿ, ಗಂಟು ಕೆಳಗೆ ಹಾಕಿ. ಅವಳು ಮೂಟೆಯ ಹಿಂದೆ ಕೂತಿರುತ್ತಿದ್ದಳು, ನಾನು ಇಬ್ಬರದೂ ಮಡಚುತ್ತಿದ್ದೆ. ಎರಡು ತಿಂಗಳು ಯಾರಿಗೂ ತಿಳಿಯಲಿಲ್ಲ. ಅವಳು ಹೆರಿಗೆಗೆ ಹೋದಮೇಲೆ ಮೊಳೆ ಕೀಳುವುದನ್ನು ಮರೆತೆ. ಅಷ್ಟರಲ್ಲಿ ದೊಡ್ಡ ಸಾಹೇಬರು ನೋಡಲು ಬಂದರು. "ಇದು ಯಾರ ಐಡಿಯಾ?" ಅಂದರು. ಬೈಯುತ್ತಾರೆ ಎಂದುಕೊಂಡೇ, "ನಂದೇ ಸಾರ್" ಅಂದೆ. ಅವರು ಎಲ್ಲರ ಎದುರು ನನ್ನ ಕೈ ಕುಲುಕಿದರು. ಹದಿನೆಂಟು ವರ್ಷದಲ್ಲಿ ಯಾರೂ ನನ್ನ ಮುಖ ನೋಡಿ ಮಾತಾಡಿರಲಿಲ್ಲ ಅಕ್ಕ. ಜೊತೆಯವಳಿಗೋಸ್ಕರ ಹೊಡೆದದ್ದು, ಅಕ್ಕ ಕಲಿಸಿದ್ದು ಎಂದು ಬಾಯಿಗೆ ಬರಲಿಲ್ಲ. ಬೇಕೆಂದೇ ನುಂಗಿದೆ.

ಚೀಟಿ ಬಂದಾಗ ಆ ಬಾಣಂತಿ ಕೂಸನ್ನು ಎತ್ತಿಕೊಂಡು ಬಂದು ತನ್ನ ಹೆಸರನ್ನು ತಾನೇ ಬರೆದಳು. ಯಾರಿಗೋಸ್ಕರ ಮೊಳೆ ಹೊಡೆದೆನೋ ಅವಳೇ ಮೊದಲು ಹೋದಳು. ಚೀಟಿ ತೆಗೆದುಕೊಂಡದ್ದು ನನ್ನ ಕೈಯೇ.

ನಿನ್ನ ಶಾಪದ ಕಾಗದ ಬಂದ ದಿನದಿಂದ ನನಗೆ ನಿದ್ದೆ ಇಲ್ಲ. ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಲೇ ಇದ್ದೇನೆ.

ನಿನ್ನೆ ನಾನು ಬಾಗಿಲಲ್ಲಿ ಬಂದಾಗ ನೀನು ನನ್ನನ್ನು ನೋಡಿದೆ. ಗುರುತು ಹತ್ತದವಳ ಹಾಗೆ ಗೋಡೆಗೆ ತಿರುಗಿದೆ. ಮಡಚಿ ತೋರಿಸುವಾಗ ಬೆಡ್‌ಶೀಟ್ ಎರಡು ಸಲ ಜಾರಿತು, ಉದ್ದಕ್ಕ ನಕ್ಕಳು. ಮುಗಿದ ಮೇಲೆ ಧೈರ್ಯ ಮಾಡಿ ನಿನ್ನ ಹಿಂದೆ ಬಂದು ನಿಂತೆ. "ಅಕ್ಕಾ" ಅಂದೆ. ನೀನು ತಿರುಗಲಿಲ್ಲ. ಇನ್ನೊಂದು ಸಲ ಗಟ್ಟಿಯಾಗಿಯೇ ಅಂದೆ. ಪಕ್ಕದ ಹೆಂಗಸರೆಲ್ಲ ತಿರುಗಿದರು. ನೀನು ಮಾತ್ರ ಮೊಳೆ ನೋಡುತ್ತಾ ನಿಂತಿದ್ದೆ.

ತಿರುಗದೇ ಇದ್ದದ್ದು ನ್ಯಾಯವೇ. ಬಸ್ಸಿನಲ್ಲಿ ಅದನ್ನೇ ಹೇಳಿಕೊಳ್ಳುತ್ತಾ ಬಂದೆ.

ಗುಬ್ಬಿ

ಏಪ್ರಿಲ್ 25

ಗುಬ್ಬಿಗೆ,

ನೀನು ಕರೆದೆಯಾ?

ನಿನ್ನ ಕಾಗದವನ್ನು ಆ ಸಾಲಿನವರೆಗೆ ಓದಿ ಅಲ್ಲೇ ನಿಲ್ಲಿಸಿದೆ. ನಿಮ್ಮ ಭಾವ, "ಏನಾಯ್ತು?" ಎಂದು ಮೂರು ಸಲ ಕೇಳಿದರಂತೆ. ಅದೂ ನನಗೆ ಕೇಳಲಿಲ್ಲ.

ನನ್ನ ಕಿವಿ ಹೋಗಿದೆ ಗುಬ್ಬಿ. ಎಡಗಡೆಯದು ಪೂರ್ತಿ, ಬಲಗಡೆಯದು ಮುಕ್ಕಾಲು. ಮಡಚುವುದಕ್ಕೆ ಹಾಕುವ ಮುಂಚೆ ನೀರು ಹಿಂಡುವ ಯಂತ್ರದ ಪಕ್ಕ ಒಂಬತ್ತು ವರ್ಷ ನಿಲ್ಲಿಸಿದ್ದರಲ್ಲ, ಆಗಲೇ ಶುರುವಾಯಿತು. ಮೂರು ವರ್ಷದಿಂದ ಮುಚ್ಚಿಟ್ಟಿದ್ದೇನೆ, ತಿಳಿದರೆ ಅವತ್ತೇ ಕಳಿಸುತ್ತಾರೆ. ಫೋನ್ ಬೇಡ ಅಂದದ್ದು ಅದಕ್ಕೇ. ನಿನ್ನ ಜ್ವರಕ್ಕೆ ಒಳ್ಳೇದಾಯ್ತು ಅಂದದ್ದೂ ಅದಕ್ಕೇ. ಊಟದ ಬೆಲ್ಲಿಗೆ ಹೋಗದೆ ಮಡಚುತ್ತಾ ನಿಂತದ್ದು ನಿಷ್ಠೆಯಲ್ಲ, ಕಿವುಡು.

ಹಾಲ್‌ನಲ್ಲಿ ಅದು ಗೊತ್ತಿದ್ದವಳು ಉದ್ದಕ್ಕ ಒಬ್ಬಳೇ. ಬೆಲ್ ಆದರೆ ಬೆಡ್‌ಶೀಟನ್ನು ಒಂದು ಸಲ ಎಳೆಯುತ್ತಿದ್ದಳು. ಯಾರಾದರೂ ನನ್ನನ್ನು ಕರೆದರೆ ಎರಡು ಸಲ. ನಾನು ತಲೆ ಎತ್ತಿ ಅವಳ ಕಣ್ಣು ನೋಡಿದರೆ ಕರೆದವರು ಯಾವ ಕಡೆ ಇದ್ದಾರೆ ಎಂದು ತಿಳಿಯುತ್ತಿತ್ತು. ಅವಳ ಕೈಯೇ ನನ್ನ ಕಿವಿಯಾಗಿತ್ತು. ಮೊಳೆ ಎಳೆಯುವುದಿಲ್ಲ ಗುಬ್ಬಿ. ಅದಕ್ಕೇ ನನಗೆ ಅಷ್ಟು ಉರಿದದ್ದು.

ಇನ್ನು ನಿನ್ನ ವಿಷಯ. ಮೊಳೆಯ ಗಂಟು ಕಂಡ ದಿನವೇ ನನ್ನ ಹೊಟ್ಟೆಗೆ ಗೊತ್ತಾಗಿತ್ತು, ತಲೆಗೆ ಹತ್ತಗೊಡಲಿಲ್ಲ. ನೀನು ಬಾಗಿಲಲ್ಲಿ ಬಂದಾಗ ನಾನು ಗೋಡೆಗೆ ತಿರುಗಿದ್ದು ನಿಜ. ಕೋಪಕ್ಕಲ್ಲ, ಸುಳ್ಳು ಹೇಳುವುದಿಲ್ಲ, ನಾಚಿಕೆಗೆ. ನನ್ನ ತಂಗಿ ಎಂದು ತಿಳಿದರೆ ಇಷ್ಟು ಹೆಂಗಸರಿಗೆ ಹೇಗೆ ಮುಖ ತೋರಿಸಲಿ ಎಂದು. ನೀನು ಕುರ್ಚಿಗೆ ನನ್ನನ್ನು ನುಂಗಿದೆ, ನಾನು ಮರ್ಯಾದೆಗೆ ನಿನ್ನನ್ನು ನುಂಗಿದೆ. ನೀನು ಕರೆದೇ ಇಲ್ಲ ಎಂದು ನಾನು ಇಲ್ಲಿ ಅತ್ತೆ.

ಉದ್ದಕ್ಕ ಅವತ್ತು ಸಂಜೆ ಮನೆಗೆ ಬಂದಳು, ಅಷ್ಟು ದಿನದ ಮೇಲೆ. "ಆ ಹೆಂಗಸಿನ ಮೂಗು ನಿನ್ನ ಮೂಗಿನ ಹಾಗೇ ಇತ್ತಲ್ಲೇ. 'ಅಕ್ಕಾ' ಅಂತ ಬೇರೆ ಕರೀತಿದ್ಲು" ಅಂದಳು. ಕರೆದದ್ದು ಯಾರನ್ನೋ ಎಂದುಕೊಂಡೆ, ನಂಬಲಿಲ್ಲ. ಆದರೂ ಅವಳು ನನ್ನ ತಂಗಿ, ಆ ಮೊಳೆ ಮನೆಯಲ್ಲಿ ನಾನೇ ಹೊಡೆದುಕೊಟ್ಟದ್ದು ಎಂದು ಎಲ್ಲ ಹೇಳಿಬಿಟ್ಟೆ. ಬೈಯುತ್ತಾಳೆ ಎಂದು ಕಾದೆ. ಅವಳು, "ಮೊಳೆ ಹೊಡೆದದ್ದು ಜೊತೆ ಇಲ್ಲದ ದಿನಕ್ಕೆ. ಜೊತೆ ಓಡ್ಸೋದಕ್ಕಲ್ವಲ್ಲ" ಅಂದಳು. ಹಾಗೆ ಅಂದವಳೇ ತೊಡೆ ತಟ್ಟಿ ನಗತೊಡಗಿದಳು. "ಅಯ್ಯೋ, ಯಾರು ಹೋಗ್ಬೇಕು ಅಂತ ತಾನೇ ಅವನು ಕೇಳಿರೋದು?"

ಇಪ್ಪತ್ತನೆಯ ತಾರೀಕು ಗಡಿಯಾರಪ್ಪ ಚೀಟಿ ಬಿಚ್ಚಿದ. ಮೊದಲನೆಯದರಲ್ಲಿ ಮೊಳೆ ಎಂದು ಬರೆದಿತ್ತು. ಎರಡನೆಯದರಲ್ಲೂ ಮೊಳೆ. ಹನ್ನೊಂದರಲ್ಲೂ ಮೊಳೆ. ಅಕ್ಷರ ಬಾರದ ಒಂದು ಜೋಡಿ ಮೊಳೆಯ ಚಿತ್ರವನ್ನೇ ಬರೆದಿದ್ದರು, ಬಟ್ಟೆಯ ಗಂಟಿನ ಬಾಲ ಸಮೇತ. ಅವನು ಗಡಿಯಾರದ ಗುಂಡಿ ಒತ್ತುವುದನ್ನೂ ಮರೆತು ನಿಂತಿದ್ದ.

ಖುಷಿ ಅಷ್ಟೇ ಹೊತ್ತು. ಈಗ ಮೇ ಹದಿನಾಲ್ಕಕ್ಕೆ ಪರೀಕ್ಷೆ ಇಟ್ಟಿದ್ದಾನೆ. ಹಿಂದಿನಿಂದ ನಂಬರ್ ಕೂಗುತ್ತಾರೆ, ಕೂಗಿಸಿಕೊಂಡವಳು ತನ್ನ ಮೊಳೆಗೆ ಸಿಕ್ಕಿಸಿದ ಬೆಡ್‌ಶೀಟನ್ನು ಒಬ್ಬಳೇ ಮಡಚಬೇಕು, ಬೆಲ್ ಆದಾಗ ನಿಲ್ಲಿಸಬೇಕು. ಹಿಂದೆ ಬಿದ್ದ ಹನ್ನೊಂದು ಜನ ಮನೆಗೆ. ಅಂಕ ಹಾಕುವುದಕ್ಕೆ ಅದೇ ಹೆಂಗಸು ಬರುತ್ತಾಳಂತೆ. ನಿನಗೆ ಇಷ್ಟರೊಳಗೆ ತಿಳಿಸಿರುತ್ತಾರೆ.

ನನ್ನ ನಂಬರ್ ಹದಿನೇಳು. ಕೂಗಿದರೆ ನನಗೆ ಕೇಳುವುದಿಲ್ಲ. ಬೆಲ್ಲೂ ಕೇಳುವುದಿಲ್ಲ. ಗೋಡೆ ನೋಡುತ್ತಾ ನಿಂತಿರುತ್ತೇನೆ, ಅವತ್ತಿನ ಹಾಗೆಯೇ.

ನನಗೆ ಹೆಚ್ಚು ಅಂಕ ಹಾಕು ಎಂದು ಕೇಳುತ್ತಿಲ್ಲ. ಹಾಗೆ ಮಾಡಿದರೆ ಉದ್ದಕ್ಕನದೋ ಇನ್ನೊಬ್ಬಳದೋ ಅನ್ನ ಕಿತ್ತ ಹಾಗೆ. ಮೊಳೆ ಕಂಡ ದಿನ ಹಾಕಿದ ಶಾಪವನ್ನು ವಾಪಸು ತೆಗೆದುಕೋ ಎಂದು ದೇವರಿಗೆ ದಿನವೂ ಹಣೆ ಚಚ್ಚಿಕೊಳ್ಳುತ್ತಿದ್ದೇನೆ. ಅವನು ತೆಗೆದುಕೊಂಡಾನು. ಆದರೆ ಜೊತೆ ಸಿಗುವುದು ಬಿಡುವುದು ಈಗ ನಿನ್ನ ಕೈಯಲ್ಲೇ ಇದೆ.

ನಿನ್ನ ಮೇಲೆ ಸಿಟ್ಟು ಇಳಿದಿಲ್ಲ. ಇಳಿದಿದೆ ಎಂದು ಬರೆದರೆ ಸುಳ್ಳಾಗುತ್ತದೆ. ಆದರೂ ಬಾ.

ಅಕ್ಕ

ಮೇ 6

ಅಕ್ಕನಿಗೆ,

ಆದೇಶ ಬಂತು. ಇಪ್ಪತ್ತೆರಡು ಹೆಸರಿನ ಹಾಳೆ ಮೇಜಿನ ಮೇಲಿದೆ. ಹದಿನೇಳನೆಯ ಸಾಲಿನಲ್ಲಿ ನಿನ್ನ ಹೆಸರಿನ ಮುಂದೆ ಮೂರು ಖಾನೆ: ವೇಗ, ಅಂದ, ಹಾಜರಿ ಕೂಗಿಗೆ ಓಗೊಟ್ಟ ಸಮಯ. ಎರಡು ದಿನದಿಂದ ನೋಡುತ್ತಿದ್ದೇನೆ. ಕುರ್ಚಿಯಲ್ಲಿ ಕೂರಲು ಆಗುತ್ತಿಲ್ಲ, ಕಿಟಕಿಯ ಹತ್ತಿರ ನಿಂತು ಬರೆಯುತ್ತಿದ್ದೇನೆ.

ಹೆದರಿಕೆ ಇದೆ ಅಕ್ಕ. ಈ ಕೆಲಸ ಹೋದರೆ ಮುಂದೆ ಏನು ಎಂದು ಗೊತ್ತಿಲ್ಲ. ನಾನು ಮಾಡುವುದರಿಂದ ನಿಮ್ಮ ಹನ್ನೊಂದು ಜನ ಉಳಿಯುತ್ತಾರೆ ಎಂಬ ಖಾತ್ರಿಯೂ ಇಲ್ಲ. ಗಡಿಯಾರಪ್ಪ ಇನ್ನೊಬ್ಬಳನ್ನು ಕರೆಸಿಯಾನು. ನಿನ್ನೆ ಬಾಣಂತಿಯ ಮನೆಗೆ ಹೋಗಿದ್ದೆ. ಬಾಗಿಲು ತೆಗೆದಳು, ಒಳಗೆ ಕರೆಯಲಿಲ್ಲ. ಹೊಸ್ತಿಲಲ್ಲೇ ನಿಂತು ತಪ್ಪಾಯಿತು ಅಂದೆ. ಕೂಸು ನನ್ನ ಬೆರಳು ಹಿಡಿದುಕೊಂಡಿತು. ಅವಳು ಬಿಡಿಸಿಕೊಂಡು ಬಾಗಿಲು ಹಾಕಿದಳು.

ಹದಿನಾಲ್ಕಕ್ಕೆ ಬರುತ್ತೇನೆ. ಹಾಳೆಯನ್ನು ಖಾಲಿಯೇ ತರುತ್ತೇನೆ. ಅವರು ಹದಿನೇಳು ಎಂದು ಕೂಗಲಿ, ನೀನು ಕೇಳಿಸಿಕೊಳ್ಳುವುದಕ್ಕೆ ಒದ್ದಾಡಬೇಡ. ಗೋಡೆಯ ಕಡೆಯೇ ತಿರುಗಿ ನಿಂತಿರು, ಬೆಡ್‌ಶೀಟ್ ಕೈಯಲ್ಲಿರಲಿ. ನಾನು ಮೊಳೆಯಿಂದ ಎರಡೂ ಮೂಲೆ ಬಿಡಿಸಿ ಹಿಡಿದುಕೊಳ್ಳುತ್ತೇನೆ.

ಎರಡು ಸಲ ಎಳೆಯುತ್ತೇನೆ. ಆಗ ತಲೆ ಎತ್ತು.

ಗುಬ್ಬಿ